ಕೆಂಪು ಕಂಬಳಿಯ ಹಸಿರು ಸಾಲು

ಕಂಬಳಿಯನ್ನು ಬಿಸಿಲಿಗೆ ಹರವುತ್ತಿದ್ದ ನೊಥುಸಿಲೆಯ ಹೆಬ್ಬೆರಳಿಗೆ ಒಂದು ಕಡೆ ಬರಿಯ ಬಟ್ಟೆ ತಗುಲಿತು. ಅಂಚಿನುದ್ದಕ್ಕೂ ಮೂರು ಸಾಲು ಮಣಿ ಇರಬೇಕು. ಮೇಲೆ ಬಿಳಿ, ಕೆಳಗೆ ಆಕಾಶನೀಲಿ, ನಡುವೆ ಹಸಿರು. ಬಲಮೂಲೆಯಲ್ಲಿ ಒಂದು ಗೇಣಿನಷ್ಟು ಹಸಿರು ಇರಲೇ ಇಲ್ಲ.

ಅವಳು ಮೊದಲು ನೋಡಿದ್ದು ಕಂಬಳಿಯನ್ನಲ್ಲ, ಅಂಗಳವನ್ನು. ತನ್ನನ್ನು ಯಾರಾದರೂ ಗಮನಿಸುತ್ತಿದ್ದಾರೆಯೇ ಎಂದು. ದುಂಡುಮನೆಯ ನೆರಳಿನಲ್ಲಿ ಸೊಸೆ ನೊಸಮನಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೆಕ್ಕೆಜೋಳ ಬೀಸುತ್ತಿದ್ದಳು. ತಲೆವಸ್ತ್ರ ಹುಬ್ಬಿನವರೆಗೆ ಇಳಿದಿತ್ತು, ತಲೆ ಬಗ್ಗಿತ್ತು. ಬೀಸುವ ಕಲ್ಲಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾದ ಹಾಗೆ ನೊಥುಸಿಲೆಗೆ ಅನ್ನಿಸಿತು. ನಿಂತದ್ದು ನಿಜವೋ ಭ್ರಮೆಯೋ ಹೇಳುವುದು ಕಷ್ಟವಿತ್ತು. ಆದರೆ ಅನ್ನಿಸಿದ್ದು ಅನ್ನಿಸಿತು.

ಆ ಹಸಿರು ಈಗ ಅಂಗಡಿಯಲ್ಲಿ ಸಿಗುವ ಹಸಿರಲ್ಲ. ಅಂಗಡಿಯದು ಗಿಳಿಯ ರೆಕ್ಕೆಯಂತೆ ಹೊಳೆಯುತ್ತದೆ. ಇದು ನಿಂತ ನೀರಿನ ಪಾಚಿಯ ಬಣ್ಣದ, ಹೊಳಪಿಲ್ಲದ ಹಳೆಯ ಗಾಜು. ನೊಥುಸಿಲೆಯ ಅಜ್ಜಿಯ ಕೊರಳಿನಿಂದ ಅವಳ ತಾಯಿಯ ಕೊರಳಿಗೆ ಬಂದು, ದಾರ ಕೊಳೆತಾಗಲೆಲ್ಲ ಬಿಚ್ಚಿ ಮತ್ತೆ ಪೋಣಿಸಿಕೊಂಡು, ಕೊನೆಗೆ ನೊಥುಸಿಲೆಯ ಮದುವೆಯಲ್ಲಿ ಈ ಕಂಬಳಿಯ ಅಂಚಿಗೆ ಇಳಿದದ್ದು. ತಾಯಿ ಒಂದು ಇಡೀ ಚಳಿಗಾಲ ಕೂತು ಹೊಲಿದಿದ್ದಳು. ಕೆಮ್ಮಣ್ಣು ಮತ್ತು ಕೊಬ್ಬು ಹಚ್ಚಿ ಕೆಂಪಾಗಿಸಿದ ಬಟ್ಟೆ, ಕಪ್ಪು ಪಟ್ಟಿ, ಚಿಪ್ಪಿನ ಗುಂಡಿಗಳ ಸಾಲು, ಅಂಚಿಗೆ ಮಣಿ. ಇನ್ನು ಕೆಲವೇ ವಾರಗಳಲ್ಲಿ ನೊಥುಸಿಲೆಯ ಕಿರಿಯ ಮಗ ಹುಡುಗರ ದೀಕ್ಷೆ ಮುಗಿಸಿ ಕಾಡಿನ ಗುಡಿಸಲಿನಿಂದ ಗಂಡಸಾಗಿ ಮರಳುವವನಿದ್ದ. ಆ ದಿನ ತಾಯಿಯಾದವಳು ಇದನ್ನು ಹೊದ್ದು ಅಂಗಳದಲ್ಲಿ ನಿಲ್ಲಬೇಕು. ನೋಡಿದವರಿಗೆ ಇವಳು ಯಾರ ಮಗಳು, ಹೊಳೆಯ ಯಾವ ದಡದವಳು, ಎಂಥ ಮನೆಯಿಂದ ಬಂದವಳು ಎಂದು ಗೊತ್ತಾಗುವುದು ಈ ಅಂಚಿನಿಂದಲೇ. ಹೆಸರು ಕೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಅವಳು ಖಾಲಿ ಜಾಗವನ್ನು ಕಣ್ಣಿನ ಹತ್ತಿರ ತಂದುಕೊಂಡಳು. ದಾರದ ತುಂಡುಗಳು ಗಡ್ಡದ ಕೂಳೆಯಂತೆ ನಿಂತಿದ್ದವು. ಹರಿದದ್ದಲ್ಲ, ಇಲಿ ಕಡಿದದ್ದಲ್ಲ. ಕತ್ತರಿಸಿದ್ದು.

ಆ ಮನೆಯಲ್ಲಿ ಕತ್ತರಿ ಇದ್ದದ್ದು ಒಂದೇ. ಅದು ನೊಸಮನಿಯ ಬಿಸ್ಕತ್ತಿನ ಡಬ್ಬಿಯಲ್ಲಿತ್ತು.

ನೊಸಮನಿ ಹೊಳೆಯಾಚೆಯ ಶಾಲೆಯವರ ಪೈಕಿ. ಅವಳ ಅಪ್ಪ ಪ್ಯಾಂಟು ತೊಡುವವನು, ಭಾನುವಾರ ಗಂಟೆ ಹೊಡೆದರೆ ಚರ್ಚಿಗೆ ಓಡುವವನು, ಕೆಮ್ಮಣ್ಣು ಹಚ್ಚಿಕೊಳ್ಳುವವರನ್ನು ಕಂಡರೆ ಮೂಗು ಮುಚ್ಚಿಕೊಳ್ಳುವವನು. ಅವಳನ್ನು ಹಿರಿಯ ಮಗ ಲಿಂಡಿಲೆ ಹಟ ಹಿಡಿದು ಈ ಕೆಂಪು ಕಂಬಳಿಯ ಮನೆಗೆ ತಂದಿದ್ದ. ತಂದವನು ಒಂದೇ ಹಂಗಾಮು ಇದ್ದು ಜೊಹಾನ್ಸ್‌ಬರ್ಗಿನ ಗಣಿಗೆ ಹೋಗಿದ್ದ. ಅವಳು ಮನೆ ತುಂಬಿದ ದಿನವೇ ನಾಯಿ ಯಾರನ್ನೋ ಕಚ್ಚಿದ ವಿಷಯಕ್ಕೆ ಊರ ಮುಖಂಡನಿಂದ ಸಮನ್ಸು ಬಂದಿತ್ತು. ಹಾಗಾಗಿ ಅತ್ತೆಮನೆಯವರು ಸೊಸೆಗೆ ಇಟ್ಟ ಹೆಸರು ನೊಸಮನಿ, ಸಮನ್ಸಿನವಳು. ಹುಡುಗಿ ಆ ಹೆಸರಿಗೆ ನಗಲೂ ಇಲ್ಲ, ಅಳಲೂ ಇಲ್ಲ. ಅದು ಆಗಲೇ ನೊಥುಸಿಲೆಗೆ ಹಿಡಿಸಿರಲಿಲ್ಲ.

"ನಿನ್ನ ಕತ್ತರಿ ಎಲ್ಲಿದೆ?" ಎಂದು ಅವಳು ಕೇಳಿದಳು.

"ಡಬ್ಬೀಲಿದೆ ಅತ್ತೆ. ತರ್ಲಾ?"

"ಬೇಡ. ಇದೆಯಾ ಅಂತ ಕೇಳ್ದೆ ಅಷ್ಟೆ."

"ಇದೆ ಅತ್ತೆ."

ಯಾಕೆ ಎಂದು ಕೇಳಲಿಲ್ಲ. ತಪ್ಪು ಮಾಡದವಳು ಯಾಕೆ ಎಂದು ಕೇಳುತ್ತಿದ್ದಳು. ನೊಥುಸಿಲೆ ಕಂಬಳಿಯನ್ನು ಮಡಚಿ, ಖಾಲಿ ಮೂಲೆ ಒಳಗಾಗುವಂತೆ, ಪೆಟ್ಟಿಗೆಗೆ ಹಾಕಿದಳು.

ಉತ್ತರ ಸಿಕ್ಕಿದ್ದು ಅಂಗಡಿಯಲ್ಲಿ, ಅದೇ ವಾರ. ಗಂಡನ ಅಣ್ಣನ ಹೆಂಡತಿ ಮಾದ್ಲೊಮೊ ಜೊತೆಗಿದ್ದಳು. ಇಬ್ಬರೂ ಕೆಮ್ಮಣ್ಣಿನ ಗಟ್ಟಿ ಮತ್ತು ತಂಬಾಕು ಕೊಂಡು ಜಗಲಿಯ ಮೇಲೆ ಉದ್ದನೆಯ ಪೈಪು ಹಚ್ಚಿ ಕೂತಿದ್ದರು. ಎದುರಿಗೆ ಝಾಮಿಲೆ ಬಂದು ನಿಂತ. ಗಣಿಯಿಂದ ರಜೆಗೆ ಬಂದು, ವಾಪಸು ಹೋಗದೆ, ಗುಡ್ಡದ ಮೇಲಿನ ಅಕ್ಕನ ಮನೆಯಲ್ಲಿ ಉಳಿದುಕೊಂಡ ಯುವಕ. ಅಕ್ಕ ಥೆಝೆಕ ಗಂಡನನ್ನು ಬಿಟ್ಟು ಬಂದವಳು.

"ನೋಡು ಮಾಮ್ಬೆಲೆ," ಎಂದಳು ಮಾದ್ಲೊಮೊ. ಅವಳು ನೊಥುಸಿಲೆಯನ್ನು ಕರೆಯುವುದು ಕುಲದ ಹೆಸರಿನಿಂದಲೇ. "ಅಕ್ಕನ ಮನೇಲಿ ತಿಂದು, ಅಂಗಡಿ ಮುಂದೆ ನಿಂತ್ಕೊಂಡು ಅರಗಿಸ್ಕೊಳ್ಳೋದು. ಗಂಡಸಿಗೆ ಬೇರೆ ಕೆಲಸ ಬೇಕಾ?"

"ಕೇಳಿಸ್ತು ದೊಡ್ಡಮ್ಮ," ಎಂದ ಝಾಮಿಲೆ.

"ಕೇಳಿಸ್ಲಿ ಅಂತಾನೇ ಹೇಳಿದ್ದು. ಕಿವಿಯಾದ್ರೂ ಕೆಲಸ ಮಾಡ್ಲಿ."

ಝಾಮಿಲೆ ನಗುತ್ತ ಪೈಪು ತೆಗೆದ. ನೊಥುಸಿಲೆಯ ಬಾಯಿಯ ಹೊಗೆ ಬಾಯಲ್ಲೇ ನಿಂತಿತು. ಪೈಪಿನ ಕೊಳವೆಯ ಸುತ್ತ ಬಿಗಿಯಾಗಿ ಮಣಿ ಸುತ್ತಿತ್ತು. ಬಿಳಿ, ಹಸಿರು, ಬಿಳಿ, ಹಸಿರು. ಪಾಚಿಯ ಹಸಿರು.

"ಏನಪ್ಪಾ, ಪೈಪು ಹೊಸದಾ?" ಎಂದು ದನಿ ಸಡಿಲ ಮಾಡಿಕೊಂಡು ಕೇಳಿದಳು.

"ಪೈಪು ಹಳೇದೇ ಅಮ್ಮ. ಅಂಗಿ ಮಾತ್ರ ಹೊಸದು."

"ಅಂಗಿ ಹೊಲಿದೋರು ಯಾರು?"

"ಹೆಸರು ಹೇಳ್ಬೇಡ ಅಂದಿದಾರೆ." ಝಾಮಿಲೆ ಕಣ್ಣು ಮಿಟುಕಿಸಿ, ಇನ್ನೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಪೈಪು ಎತ್ತಿ, ಹೊರಟುಹೋದ.

ಆ ಕಡೆಯ ಊರುಗಳಲ್ಲಿ ಯುವಕನ ಪೈಪಿಗೆ ಮಣಿ ಸುತ್ತುವವಳು ಅವನ ಗೆಳತಿ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಗೆಳತಿ ಕನ್ಯೆಯಾಗಿದ್ದರೆ ಹುಡುಗ ಹೆಸರನ್ನು ಬೀದಿಯಲ್ಲಿ ಸಾರಿಕೊಂಡು ಬರುತ್ತಾನೆ. ಹೆಸರು ಬಚ್ಚಿಡುವುದು ಅವಳು ಯಾರದೋ ಹೆಂಡತಿಯಾಗಿದ್ದಾಗ.

"ಏನಾಯ್ತೇ? ಮುಖ ಬೂದಿ ಬಳಿದ ಹಾಗಾಯ್ತು," ಎಂದಳು ಮಾದ್ಲೊಮೊ.

"ತಂಬಾಕು ಖಾರ," ಎಂದಳು ನೊಥುಸಿಲೆ.

ಅಂದಿನಿಂದ ಅವಳು ಸೊಸೆಯ ಮೇಲೆ ಕಣ್ಣಿಟ್ಟಳು. ಕಣ್ಣಿಟ್ಟರೆ ಕಾಣುವುದಕ್ಕೆ ಕೊರತೆಯೇನು? ನೊಸಮನಿ ನೀರಿಗೆ ಹೋಗಿ ಬೇಗ ಬಂದರೆ, ಇವತ್ತು ಅವನು ಬರಲಿಲ್ಲವೆಂದು ಅರ್ಥ. ತಡವಾದರೆ ಬಂದಿದ್ದನೆಂದು. ಸೌದೆ ಒಟ್ಟುವಾಗ ಚರ್ಚಿನ ಹಾಡು ಗುನುಗಿದರೆ ಅದು ಗುಡ್ಡದ ಮೇಲಿನವರಿಗೆ ಕೊಟ್ಟ ಸುಳಿವು. ಗುನುಗದೆ ಸುಮ್ಮನಿದ್ದರೆ ಮನಸ್ಸಿನಲ್ಲಿ ಏನೋ ಇದೆ. ಒಂದು ಮಧ್ಯಾಹ್ನ ನೊಥುಸಿಲೆ ಸೊಸೆಯ ಹಿಂದೆಯೇ ಹೊಳೆಯವರೆಗೆ ಹೋಗಿ ಕಳ್ಳಿಗಿಡಗಳ ಮರೆಯಲ್ಲಿ ಕೂತಳು. ನೊಸಮನಿ ನೀರು ತುಂಬಿದಳು, ಮಗುವಿನ ಕಾಲು ತೊಳೆದಳು, ಕೊಡ ತಲೆಗಿಟ್ಟಳು. ಗುಡ್ಡದ ಕಡೆ ಒಮ್ಮೆಯೂ ನೋಡಲಿಲ್ಲ. ಒಮ್ಮೆಯೂ ನೋಡದಿರುವುದು ಸಹಜವೇ? ಗುಡ್ಡ ಅಷ್ಟು ದೊಡ್ಡದಾಗಿ ಎದುರಿಗೇ ಇರುವಾಗ? ಮರೆಯಿಂದ ಎದ್ದು ಬರುವಾಗ ಅವಳ ಮೊಣಕಾಲಿಗೆ ಮುಳ್ಳು ಚುಚ್ಚಿತು. ಅದನ್ನೂ ಸೊಸೆಯ ಲೆಕ್ಕಕ್ಕೇ ಬರೆದುಕೊಂಡಳು.

ಸಂಜೆ ಊಟದ ಹೊತ್ತಿಗೆ ಗಂಡನಿಗೆ ಹೇಳಿದಳು. ಮಬಂಡ್ಲ ದುಂಡುಮನೆಯ ಬಲಗಡೆ, ಗಂಡಸರ ಪಾಲಿನ ಜಾಗದಲ್ಲಿ, ತನ್ನ ಮೋಟು ಮಣೆಯ ಮೇಲೆ ಕೂತು ಹುಳಿಹಾಲು ಸುರಿದ ಜೋಳ ತಿನ್ನುತ್ತಿದ್ದ. ಕಂಬಳಿ, ಕತ್ತರಿ, ಪೈಪು, ಎಲ್ಲವನ್ನೂ ಕೇಳಿದ. ಪೈಪಿನ ಮಾತು ಬಂದಾಗ ಅವನ ಚಮಚ ಬಟ್ಟಲಿನಲ್ಲೇ ನಿಂತಿತು.

"ಝಾಮಿಲೆಯ ಪೈಪಿನ ಮೇಲಾ?"

"ನಾನೇ ನೋಡ್ದೆ. ಮಾದ್ಲೊಮೊನೂ ಇದ್ಲು."

"ಅವಳೂ ನೋಡಿದ್ಲಾ?"

"ಪೈಪು ನೋಡಿದ್ಲು. ಮಣಿ ಗುರುತು ಹತ್ಲಿಲ್ಲ."

ಮಬಂಡ್ಲ ಸ್ವಲ್ಪ ಹೊತ್ತು ಜಗಿದ. "ಕಳಿಸಿಬಿಡೋಣ," ಎಂದ. "ಭಾನುವಾರ ಅಣ್ಣ ಬರ್ತಾನೆ, ಕಿರಿಯವನು ಮರಳೋ ಹಬ್ಬದ ಬಿಯರಿನ ಮಾತಿಗೆ. ಅವನ ಮುಂದೆ ಹೇಳಿ ಅಪ್ಪನ ಮನೆಗೆ ಕಳಿಸಿಬಿಡೋಣ. ಶಾಲೆಯವರ ಹುಡುಗಿ. ನಾನು ಮೊದ್ಲೇ ಹೇಳಿದ್ದೆ."

ಅವನು ಮೊದಲು ಹೇಳಿದ್ದೇನೂ ಇರಲಿಲ್ಲ. ಆ ಮದುವೆಗೆ ಹುಡುಗಿಯ ಅಪ್ಪನಿಗೆ ದನ ಕೊಡುವಾಗ ಎಲ್ಲರಿಗಿಂತ ಹೆಚ್ಚು ಕುಣಿದವನು ಅವನೇ. ಕಂಬಳಿ ತೋರಿಸು ಎಂದು ಅವನು ಕೇಳುತ್ತಾನೆ ಎಂದುಕೊಂಡಿದ್ದಳು. ಕೇಳಲಿಲ್ಲ. ಗಂಡಸರಿಗೆ ಮಣಿಯ ವಿಷಯ ಯಾವಾಗ ಬೇಕಾಗಿದೆ ಎಂದುಕೊಂಡು ಬಟ್ಟಲು ಎತ್ತಿದಳು.

"ಮಗು?" ಎಂದಳು.

"ಮಗು ಇಲ್ಲೇ. ದನ ಕೊಟ್ಟ ಮನೆ ಮಗು. ಅವಳ ಜೊತೆ ಯಾಕೆ ಹೋಗುತ್ತೆ?"

ಹೊರಗೆ ನೊಸಮನಿ ಮಗುವಿಗೆ ಮೊಲೆ ಕೊಡುತ್ತ ಕೂತಿದ್ದಳು. ಬಾಗಿಲು ತೆರೆದೇ ಇತ್ತು. ಮಾವನ ಹೆಸರನ್ನಾಗಲಿ, ಆ ಹೆಸರಿಗೆ ಹತ್ತಿರದ ಮಾತನ್ನಾಗಲಿ ಬಾಯಿಗೆ ತರಬಾರದ ಹುಡುಗಿ. ದೊಡ್ಡಿಯ ಮುಂದೆ ಹಾಯಬಾರದು, ಮನೆಯ ಬಲಗಡೆಗೆ ಕಾಲಿಡಬಾರದು, ಮಾವ ಎದುರಾದರೆ ಕಂಬಳಿ ಎಳೆದು ಮುಖ ತಿರುಗಿಸಬೇಕು. ಕೇಳಿಸಿಕೊಂಡಿದ್ದರೂ ಕೇಳಿಸಿಕೊಂಡೆ ಎನ್ನುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ನೊಥುಸಿಲೆ ಒಂದು ಪರೀಕ್ಷೆ ಹೂಡಿದಳು. ನಾಳೆ ಭಾವನ ಮುಂದೆ ಮಾತಾಡುವಾಗ ಕೈಯಲ್ಲಿ ಗಟ್ಟಿಯಾದದ್ದು ಏನಾದರೂ ಇರಲಿ ಎಂದು. ಕಂಬಳಿಯನ್ನು ತಂದು ಸೊಸೆಯ ಮುಂದೆ ಹರವಿದಳು. ಪಕ್ಕದಲ್ಲಿ ಅವಳದೇ ಬಿಸ್ಕತ್ತಿನ ಡಬ್ಬಿಯನ್ನು, ಮುಚ್ಚಳ ತೆಗೆದು, ಇಟ್ಟಳು. ಸೂಜಿ, ದಾರ, ಕತ್ತರಿ ಎಲ್ಲ ಅದರಲ್ಲಿದ್ದವು.

"ಈ ಮೂಲೆ ಮಣಿ ಹೋಗಿದೆ," ಎಂದಳು, ಹೋಗಿದೆ ಎಂಬ ಮಾತಿನ ಮೇಲೆ ಭಾರ ಹಾಕಿ. "ಹಿಂದೆ ಬೀಳೋ ಆ ಮೂಲೆಯಿಂದ ಅಷ್ಟೇ ತೆಗೆದು ಇಲ್ಲಿಗೆ ಹಾಕು. ಮುಂದೆಯಾದ್ರೂ ಸರಿ ಕಾಣ್ಲಿ."

ಒಮ್ಮೆ ಕತ್ತರಿಸಿದ ಕೈ ಮತ್ತೆ ಅದೇ ರೀತಿ ಕತ್ತರಿಸುತ್ತದೆ. ಕೂಳೆಯ ಪಕ್ಕ ಕೂಳೆ ಇಟ್ಟು ತೋರಿಸಿದರೆ ಮಾದ್ಲೊಮೊ ಕೂಡ ಒಪ್ಪಬೇಕಾಗುತ್ತದೆ.

ನೊಸಮನಿ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಕಂಬಳಿಯ ಇನ್ನೊಂದು ಮೂಲೆಯನ್ನು ಮಗುಚಿ ಹಿಂಬದಿ ಮೇಲೆ ಮಾಡಿಕೊಂಡಳು. ಅಲ್ಲಿ ಹಳೆಯ ಗಂಟು ಹುಡುಕಿ, ಉಗುರಿನಿಂದ ಕೆದಕಿ, ಸೂಜಿಯ ಮೊನೆಯಿಂದ ಸಡಿಲಿಸಿ ಎಳೆದಳು. ಮಣಿಗಳ ಒಳಗೆ ಹಾಯುವ ದಾರ ಒಂದು, ಅದನ್ನು ಬಟ್ಟೆಗೆ ಬಿಗಿಯುವ ದಾರ ಇನ್ನೊಂದು. ಬಿಗಿಯುವ ದಾರ ಸರಸರ ಬಿಚ್ಚಿಕೊಂಡಿತು. ಹಸಿರು ಸಾಲು ಒಂದೂ ಮಣಿ ಉದುರದೆ, ಅವರೆಕಾಯಿಯ ನಾರಿನಂತೆ ಉದ್ದಕ್ಕೆ ಎದ್ದು ಅವಳ ಬೆರಳಿಗೆ ಬಂತು. ಕತ್ತರಿ ಡಬ್ಬಿಯಲ್ಲೇ ಇತ್ತು.

"ಕತ್ತರಿ ಯಾಕೆ ಮುಟ್ಲಿಲ್ಲ?"

"ಕತ್ತರಿಸಿದ್ರೆ ಮಣಿ ಚೆಲ್ಲಿಹೋಗುತ್ತಲ್ಲ ಅತ್ತೆ."

"ಇದನ್ನ ಶಾಲೇಲಿ ಕಲಿಸ್ತಾರಾ?"

"ಇಲ್ಲ. ಅಜ್ಜಿ ಹೇಳ್ಕೊಟ್ಟಿದ್ದು. ಅಪ್ಪ ಮನೇಲಿ ಇಲ್ದಾಗ."

ನೊಥುಸಿಲೆ ಕಂಬಳಿಯ ಖಾಲಿ ಮೂಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. ಅಷ್ಟು ದಿನ ಅವಳು ನೋಡಿದ್ದು ಮಣಿ ಇಲ್ಲ ಎಂಬುದನ್ನು ಮಾತ್ರ. ಈಗ ಹೇಗೆ ಇಲ್ಲವಾಯಿತು ಎಂದು ನೋಡಿದಳು. ಹಿಂಬದಿಯ ಗಂಟು ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಮುಂದಿನಿಂದಲೇ ಕೊಯ್ದಿದ್ದರು. ಕೆಲವು ಕಡೆ ಅಲಗು ಓರೆಯಾಗಿ ಬಟ್ಟೆಗೂ ಇಳಿದು ಕೆಂಪಿನೊಳಗೆ ಬಿಳಿ ಗೀರು ಬಿದ್ದಿತ್ತು. ಕತ್ತರಿಯ ಎರಡು ಅಲಗು ಹಾಗೆ ಗೀರುವುದಿಲ್ಲ. ಇದು ಚಾಕು.

ಕೆಂಪಿನವಳಾಗಲಿ ಶಾಲೆಯವಳಾಗಲಿ, ಮಣಿ ಬೇಕಾದ ಹೆಂಗಸು ಹೀಗೆ ಕೊಯ್ಯುವುದಿಲ್ಲ. ಕದಿಯುವ ಹೆಂಗಸೂ ಕೊಯ್ಯುವುದಿಲ್ಲ, ಕದಿಯುವವಳಂತೂ ಒಂದು ಮಣಿಯನ್ನೂ ಕಳೆದುಕೊಳ್ಳುವುದಿಲ್ಲ. ತಾನು ಕಂಡ ಹೆಂಗಸರನ್ನೆಲ್ಲ ನೊಥುಸಿಲೆ ಒಬ್ಬೊಬ್ಬರಾಗಿ ನೆನೆದಳು. ಥೆಝೆಕ ಕೂಡ ಹಾಗೆ ಮಾಡುತ್ತಿರಲಿಲ್ಲ. ಮಣಿಗಳು ಬಟ್ಟೆಗೆ ಹೇಗೆ ಅಂಟಿಕೊಂಡಿರುತ್ತವೆ ಎಂದು ಹುಟ್ಟಿದಾಗಿನಿಂದ ಒಮ್ಮೆಯೂ ಯೋಚಿಸದವರು ಮಾತ್ರ ಹೀಗೆ ಕೊಯ್ದಾರು.

ಅವಳು ಎದ್ದು ದುಂಡುಮನೆಯೊಳಗೆ ಹೋದಳು. ಬಲಗಡೆ, ಬಾಗಿಲ ಬೆಳಕು ಬೀಳುವಲ್ಲಿ, ಮಬಂಡ್ಲನ ಮಣೆ ಇತ್ತು. ಎಡಗಡೆಯ ನೆಲವನ್ನು ಸೊಸೆ ಸಾರಿಸುತ್ತಾಳೆ, ಈ ಕಡೆಯದನ್ನು ನೊಥುಸಿಲೆಯೇ ಸಾರಿಸಬೇಕು. ಮೊಣಕಾಲಿನ ಹಳೆಯ ನೋವಿನಿಂದ ಕೆಲವು ವಾರಗಳಿಂದ ಸಾರಿಸಿರಲಿಲ್ಲ. ಅವಳು ಬಗ್ಗಿ ಮಣೆ ಸರಿಸಿದಳು. ಸೆಗಣಿನೆಲದ ಬಿರುಕಿನಲ್ಲಿ ಎರಡು ಹಸಿರು ಮಣಿ ಸಿಕ್ಕಿಕೊಂಡಿದ್ದವು. ಇನ್ನೊಂದು ಗೋಡೆಯ ಬುಡದಲ್ಲಿತ್ತು.

ಮಳೆಗಾಲದಿಂದಲೂ ಮಬಂಡ್ಲ ಒಂದು ಎತ್ತು ನೋಡಿಕೊಂಡು ಬರುತ್ತೇನೆಂದು ಗುಡ್ಡಕ್ಕೆ ಹೋಗುತ್ತಿದ್ದ. ಎತ್ತು ಚೆನ್ನಾಗಿದೆ ಎನ್ನುತ್ತಿದ್ದ, ಕೊಂಬು ಸರಿಯಿಲ್ಲ ಎನ್ನುತ್ತಿದ್ದ, ಇನ್ನೊಮ್ಮೆ ನೋಡಬೇಕು ಎನ್ನುತ್ತಿದ್ದ. ಎತ್ತು ಮನೆಗೆ ಬಂದಿರಲಿಲ್ಲ. ಗುಡ್ಡದ ಮೇಲೆ ಇರುವುದು ಒಂದೇ ಮನೆ, ಥೆಝೆಕಳದು. ಅವಳಿಗೆ ಮಣಿ ಹೋಯಿತು, ಅವಳು ಮಿಕ್ಕಿದ್ದರಲ್ಲಿ ತಮ್ಮನ ಪೈಪಿಗೆ ಸುತ್ತಿದಳು. ಅಕ್ಕ ಸುತ್ತಿಕೊಟ್ಟ ಪೈಪು ಎಂದು ಯಾವ ಯುವಕ ಅಂಗಡಿಯ ಮುಂದೆ ಒಪ್ಪಿಕೊಳ್ಳುತ್ತಾನೆ?

ಅವಳು ಮಣಿಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೊರಗೆ ಬಂದಳು. ನೊಸಮನಿ ಹಸಿರು ಸಾಲನ್ನು ಹೊಸ ಜಾಗಕ್ಕೆ ಇಟ್ಟು ಅಳತೆ ನೋಡುತ್ತಿದ್ದಳು.

"ಬಿಡು, ಹೊಲೀಬೇಡ," ಎಂದಳು ನೊಥುಸಿಲೆ. "ತೆಗೆದ ಜಾಗಕ್ಕೇ ವಾಪಸ್ ಹಾಕು. ಈ ಮೂಲೆ ಹೀಗೇ ಇರ್ಲಿ."

"ಸರಿ ಅತ್ತೆ."

"ನಿಂಗೆ ಗೊತ್ತಿತ್ತಾ?"

ನೊಸಮನಿ ತಲೆವಸ್ತ್ರವನ್ನು ಇನ್ನಷ್ಟು ಕೆಳಗೆಳೆದುಕೊಂಡಳು.

"ನಾನು ಬಲಗಡೆ ನೋಡಲ್ಲ ಅತ್ತೆ," ಎಂದಳು.

ಅದು ಒಳ್ಳೆಯ ಸೊಸೆ ಹೇಳಬೇಕಾದ ಮಾತೇ. ಎಲ್ಲ ಕಂಡವಳು ಹೇಳುವ ಮಾತೂ ಅದೇ. ಎರಡರಲ್ಲಿ ಯಾವುದು ಎಂದು ನೊಥುಸಿಲೆ ಎಷ್ಟು ದಿಟ್ಟಿಸಿದರೂ ಆ ಮುಖದಲ್ಲಿ ಸಿಗಲಿಲ್ಲ.

ಭಾನುವಾರ ದೊಡ್ಡಿಯ ಬೇಲಿಯ ಪಕ್ಕ ಗಂಡಸರು ಕೂತರು. ಮಬಂಡ್ಲನ ಅಣ್ಣ ಜೋಂಗಿಲಂಗ, ನೆರೆಯ ಕೆಲವು ಹಿರಿಯರು. ಹೆಂಗಸರು ಸ್ವಲ್ಪ ದೂರ, ಮನೆಯ ಗೋಡೆಗೆ ಒರಗಿ, ಕಾಲು ಚಾಚಿ, ಪೈಪು ಹಚ್ಚಿ ಕೂತರು. ನೊಸಮನಿ ಮಗುವಿನೊಂದಿಗೆ ಎಲ್ಲರ ಹಿಂದೆ ಕೂತಿದ್ದಳು. ಅವಳ ಬಿಸ್ಕತ್ತಿನ ಡಬ್ಬಿಯನ್ನು ಯಾರೋ ಆಗಲೇ ಹೊಸ್ತಿಲ ಹೊರಗೆ ತಂದಿಟ್ಟಿದ್ದರು. ಯಾರು ಎಂದು ನೊಥುಸಿಲೆ ಕೇಳಲಿಲ್ಲ.

ಬಿಯರಿನ ಮಾತು ಮುಗಿದ ಮೇಲೆ ಮಬಂಡ್ಲ ಗಂಟಲು ಸರಿಮಾಡಿಕೊಂಡ. ಮನೆಯಲ್ಲಿ ಒಂದು ಹೊಲಸು ನಡೆದಿದೆ, ಕಳ್ಳತನವೂ ಅದಕ್ಕಿಂತ ಕೆಟ್ಟದ್ದೂ ಇದೆ, ಗಣಿಯಲ್ಲಿರುವ ಮಗನ ಮರ್ಯಾದೆಯ ಪ್ರಶ್ನೆ ಎಂದ. ಚೆನ್ನಾಗಿಯೇ ಮಾತಾಡಿದ. ಮಾತಾಡುತ್ತ ತಂಬಾಕನ್ನು ಅಂಗೈಯಲ್ಲಿಟ್ಟು ಚಾಕುವಿನಿಂದ ಸಣ್ಣಗೆ ಕೊಚ್ಚುತ್ತಿದ್ದ.

"ಕಂಡೋಳು ನೀನು," ಎಂದ ಜೋಂಗಿಲಂಗ ನೊಥುಸಿಲೆಯ ಕಡೆ ತಿರುಗಿ. "ನೀನೇ ಹೇಳು, ಏನಾಯ್ತು?"

ನೊಥುಸಿಲೆ ಎದ್ದು ನಿಂತಳು. ಹಬ್ಬಕ್ಕೆಂದು ಇಟ್ಟಿದ್ದ ಕಂಬಳಿಯನ್ನೇ ಹೊದ್ದಿದ್ದಳು, ಖಾಲಿ ಮೂಲೆ ಎದೆಯ ಮೇಲೆ ಬರುವ ಹಾಗೆ. ಗಂಡನ ಹೆಸರು ಹಿಡಿದು ಅವನ ಅಣ್ಣನ ಮುಂದೆ ಆಡಬಹುದಾದ ಮಾತುಗಳನ್ನು ಅವಳು ಬೆಳಗಿನಿಂದ ಹುಡುಕಿದ್ದಳು. ಅಂಥ ಮಾತು ಯಾವ ಹೆಂಡತಿಗೂ ಇರಲಿಲ್ಲ. ಸುಮ್ಮನಿದ್ದರೆ ಸೂರ್ಯ ಇಳಿಯುವ ಮೊದಲು ಹುಡುಗಿ ಹೊಳೆ ದಾಟುತ್ತಾಳೆ, ಮಗು ಇಲ್ಲಿ ಅಳುತ್ತದೆ.

"ಕಳ್ಳತನ ಏನೂ ಆಗಿಲ್ಲ ಭಾವ," ಎಂದಳು. "ಮಣಿ ತೆಗೆದಿದ್ದು ನಾನೇ."

"ನೀನಾ?"

"ನಾನೇ. ಮರೆತುಬಿಟ್ಟಿದ್ದೆ. ಗಂಡಸರ ಕಡೆ ಮಣೆ ಮೇಲೆ ಕೂತ್ಕೊಂಡು ಚಾಕು ತಗೊಂಡು ಕೊಯ್ದೆ. ಮೇಲಿಂದಲೇ, ಹುಲ್ಲು ಕೊಯ್ದ ಹಾಗೆ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ವಯಸ್ಸಾಯ್ತು ಬಿಡು," ಎಂದ ಒಬ್ಬ. "ನಮ್ಮನೇಲೂ ಹೀಗೇ, ತಲೆ ಮೇಲೆ ಕೊಡ ಇಟ್ಕೊಂಡು ಕೊಡ ಹುಡುಕ್ತಾಳೆ," ಎಂದ ಇನ್ನೊಬ್ಬ.

ಹೆಂಗಸರ ಸಾಲಿನಲ್ಲಿ ಯಾರೂ ನಗಲಿಲ್ಲ. ಪೈಪುಗಳು ಒಂದೊಂದಾಗಿ ಬಾಯಿಂದ ಇಳಿದವು. ಮಾದ್ಲೊಮೊ ಎದ್ದು ಬಂದು ನೊಥುಸಿಲೆಯ ಎದೆಯ ಮೇಲಿನ ಮೂಲೆಯನ್ನು ಮಗುಚಿ ಹಿಂಬದಿಯ ಗಂಟು ನೋಡಿದಳು. ಮತ್ತೆ ಮುಂಬದಿ ತಿರುಗಿಸಿ ಗೀರುಗಳ ಮೇಲೆ ಬೆರಳಾಡಿಸಿದಳು.

"ಯಾವ ಚಾಕು ಮಾಮ್ಬೆಲೆ?"

"ನಮ್ಮನೇಲಿರೋದು ಒಂದೇ ಚಾಕು ಅಕ್ಕ."

ಮಾದ್ಲೊಮೊ ಆ ಚಾಕುವಿನ ಕಡೆ ನೋಡಿದಳು. ಉಳಿದ ಹೆಂಗಸರೂ ನೋಡಿದರು. ಮಬಂಡ್ಲನ ಕೈ ತಂಬಾಕಿನ ಮೇಲೆ ನಿಂತಿತು. ತನ್ನ ಹೆಂಡತಿ ತನ್ನನ್ನು ಉಳಿಸಿದಳು ಎಂದು ಆ ಕ್ಷಣದವರೆಗೆ ಅವನಿಗೆ ಅನ್ನಿಸಿತ್ತು. ಅವನು ಎದುರಿನ ಮುಖಗಳನ್ನು ಎಡದಿಂದ ಬಲಕ್ಕೆ ನೋಡಿದ. ಎಲ್ಲರಿಗೂ ಗೊತ್ತಾಗಿಹೋಗಿದೆ ಎಂಬುದು ಅವನಿಗೆ ತಿಳಿಯಿತು. ಹೇಗೆ ಗೊತ್ತಾಯಿತೆಂಬುದು ಮಾತ್ರ ಹೊಳೆಯಲಿಲ್ಲ.

ಜೋಂಗಿಲಂಗನಿಗೆ ಇದಾವುದೂ ತಿಳಿಯಲಿಲ್ಲ. ನ್ಯಾಯ ಅವನಿಗೆ ಸಲೀಸಾಗಿತ್ತು. ಮನೆಯ ಸೊಸೆಯ ಮೇಲೆ ಸುಳ್ಳು ಮಾತು ಬಿದ್ದಿದೆ, ನೆರೆಯವರೂ ಕೇಳಿಸಿಕೊಂಡಿದ್ದಾರೆ. ಅದನ್ನು ತೊಳೆಯಲು ಹುಡುಗಿಯ ಅಪ್ಪನಿಗೆ ಒಂದು ಮೇಕೆ ಹೋಗಬೇಕು. ಮಬಂಡ್ಲನೇ ಹೊಡೆದುಕೊಂಡು ಹೋಗಿ, ತಪ್ಪಾಯಿತು ಎಂದು ಹೇಳಿ ಬರಬೇಕು.

"ಅವಳಾಡಿದ ಮಾತಿಗೆ ನಾನ್ಯಾಕೆ ಹೋಗ್ಬೇಕು?" ಎಂದ ಮಬಂಡ್ಲ.

"ಮನೆ ನಿಂದಲ್ವಾ? ಈಗ ಇಷ್ಟುದ್ದ ಭಾಷಣ ಮಾಡಿದ್ದು ಯಾರು?"

ಮಬಂಡ್ಲ ಎದ್ದು ದೊಡ್ಡಿಯ ಅಡ್ಡಗೋಲು ಸರಿಸಿದ. ನೊಸಮನಿ ಎದ್ದು ಹೊಸ್ತಿಲ ಹೊರಗಿದ್ದ ಡಬ್ಬಿಯನ್ನು ತೆಗೆದುಕೊಂಡು, ಮನೆಗಳ ಹಿಂದಿನ ದಾರಿ ಹಿಡಿದು ತನ್ನ ಕೋಣೆಗೆ ಹೋದಳು. ಅತ್ತೆಯ ಕಡೆ ತಿರುಗಿ ನೋಡಲಿಲ್ಲ, ಕೃತಜ್ಞತೆಯ ಒಂದು ಮಾತೂ ಇಲ್ಲ. ಈ ಹುಡುಗಿ ಇನ್ನೂ ಏನೇನು ನೋಡದೆ ಬಿಟ್ಟಿದ್ದಾಳೋ ಎಂದುಕೊಂಡಳು ನೊಥುಸಿಲೆ. ಇನ್ನು ಬಹಳ ವರ್ಷ ಒಂದೇ ಅಂಗಳದಲ್ಲಿ ಇರಬೇಕು, ನೋಡಿಕೊಳ್ಳೋಣ.

ಮೇಕೆಯ ಕೊರಳಿಗೆ ಹಗ್ಗ ಹಾಕಿಕೊಂಡು ಮಬಂಡ್ಲ ಹೆಂಗಸರ ಮುಂದೆಯೇ ಹಾದುಹೋಗಬೇಕಾಯಿತು. ಹೊಳೆಯ ದಾರಿ ಗುಡ್ಡದ ಬುಡದಲ್ಲೇ ಸಾಗುತ್ತದೆ.

"ನೇರವಾಗಿ ಹೋಗು ಮೈದುನ," ಎಂದು ಮಾದ್ಲೊಮೊ ಕೂಗಿ ಹೇಳಿದಳು. "ದಾರೀಲಿ ಎಲ್ಲೂ ಎತ್ತು ನೋಡ್ತಾ ನಿಲ್ಬೇಡ. ಮೇಕೆಗೆ ಕಂಡೋರ ಹಿತ್ತಲಿಗೆ ನುಗ್ಗೋ ಚಟ ಇದೆ."

ಹೆಂಗಸರ ಸಾಲು ಒಮ್ಮೆಲೇ ಗೊಳ್ಳೆಂದು ನಕ್ಕಿತು. ಸ್ವಲ್ಪ ತಡವಾಗಿ, ಏನೆಂದು ತಿಳಿಯದಿದ್ದರೂ, ಗಂಡಸರೂ ನಕ್ಕರು. ಮಬಂಡ್ಲ ಹಗ್ಗ ಜಗ್ಗಿದ. ಮೇಕೆ ಬರಲು ಒಪ್ಪಲಿಲ್ಲ.